ಬಿದ್ದಿದ್ದು ನಿಂತಲ್ಲೇ

ಪ್ರೀತಿಯ ಅಪ್ಪ, ಅಮ್ಮ,

ಫೋನಿನಲ್ಲಿ ಹೇಳಲು ಹೋದರೆ ಅಮ್ಮ ಅರ್ಧದಲ್ಲೇ ಅಳುತ್ತಾಳೆ, ಅಪ್ಪ ಅರ್ಧದಲ್ಲೇ ಬುದ್ಧಿ ಹೇಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರದ ಮಧ್ಯೆ ಯಾರೂ ಬಾಯಿ ಹಾಕೋಕೆ ಆಗಲ್ಲ ಅಲ್ವಾ.

ನಾನು ಬೈಕ್ ತಗೊಂಡಿದ್ದೇನೆ. ಸ್ಪೋರ್ಟ್ ಬೈಕ್. ಹೌದು, ಮುಂದಕ್ಕೆ ಬಗ್ಗಿ ಕೂರುವಂಥದ್ದೇ. ಮತ್ತೆ, ಒಂದು ಸಲ ಬಿದ್ದಿದ್ದೇನೆ. ಎರಡನ್ನೂ ಒಟ್ಟಿಗೇ ಹೇಳಿಬಿಟ್ಟೆ, ಇನ್ನು ನನ್ನ ಎದೆ ಹಗುರ. ಗಾಯ ಏನೂ ಆಗಿಲ್ಲ. ಎಷ್ಟು ಸ್ಪೀಡಿನಲ್ಲಿದ್ದೆ ಅಂತ ಅಮ್ಮ ಕೇಳುತ್ತಾಳೆ. ಹೆಚ್ಚು ಕಡಿಮೆ ಸೊನ್ನೆ.

ಆಗಿದ್ದು ಹೀಗೆ. ಬೈಕ್ ತರಬೇತಿಗೆ ಸೇರಿದ್ದೇನೆ. ಖಾಲಿ ಮೈದಾನದಲ್ಲಿ ಪ್ಲಾಸ್ಟಿಕ್ ಕೋನ್ ಇಟ್ಟು ಅದರ ಸುತ್ತ ತಿರುಗಿಸೋದು ಕಲಿಸುತ್ತಿದ್ದರು. ನಡೆದುಕೊಂಡು ಹೋಗುವಷ್ಟು ವೇಗ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದ್ದೆ. ಕೋನ್ ಹತ್ತಿರ ಬಂತು ಅನಿಸಿ ಗಾಬರಿಯಲ್ಲಿ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದೆ. ಮುಂದಿನ ಚಕ್ರ ಅಲ್ಲೇ ನಿಂತಿತು, ಬೈಕು ಮಾತ್ರ ಬಲಕ್ಕೆ ವಾಲಿತು. ಬಲಗಾಲು ಊರಿದೆ, ಆದರೆ 168 ಕೆಜಿ ಒಂದು ಸಲ ವಾಲಿದ ಮೇಲೆ ಕಾಲು ಏನು ಮಾಡುತ್ತೆ? ಮಗುವನ್ನು ಮಲಗಿಸಿದ ಹಾಗೆ ನಿಧಾನವಾಗಿ ನೆಲಕ್ಕೆ ಇಳಿಸಿದೆ. ಬ್ರೇಕ್ ಲಿವರಿನ ತುದಿ ಟಕ್ ಅಂತ ಮುರಿಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕಲಿಸುವವರು ಒಬ್ಬ ಹೆಂಗಸು, ಅಮ್ಮನ ವಯಸ್ಸಿನವರು. ಓಡಿ ಬಂದು ಎತ್ತುತ್ತಾರೆ ಅಂದುಕೊಂಡೆ. ಎಂಜಿನ್ ಆಫ್ ಮಾಡು ಅಂದರು, ಆಮೇಲೆ ಕೈಕಟ್ಟಿ ನಿಂತರು. "ನಿನ್ನ ಬೈಕು, ನೀನೇ ಎತ್ತು." ಎತ್ತೋದಕ್ಕೂ ಒಂದು ಕ್ರಮ ಇದೆ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಕೆಳಗಿಳಿಸಿಡಬೇಕು, ಇಲ್ಲದಿದ್ದರೆ ಎತ್ತಿದ ಜೋರಿಗೆ ಆ ಕಡೆ ಬೀಳುತ್ತೆ. ಉರುಳದ ಹಾಗೆ ಗೇರಿನಲ್ಲಿರಬೇಕು. ಆಮೇಲೆ ಬೈಕಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟ ಒತ್ತಿ ಕುಕ್ಕರಗಾಲಲ್ಲಿ ಕೂರಬೇಕು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಹಿಂದಿನ ಚೌಕಟ್ಟಿನ ಮೇಲೆ. ಬೆನ್ನು ನೆಟ್ಟಗೆ ಇಟ್ಟು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಹಿಂದಕ್ಕೆ ತಳ್ಳಬೇಕು. ಕೆಲಸ ಎಲ್ಲಾ ತೊಡೆಯದ್ದೇ, ತೋಳಿನದ್ದಲ್ಲ. ಎರಡನೇ ಸಲಕ್ಕೆ ಎದ್ದಿತು. ನಾನು, ಅಪ್ಪ! ಮೊಸರಿನ ಡಬ್ಬಿಯ ಮುಚ್ಚಳ ತೆಗೆಯೋಕೂ ನಿಮ್ಮನ್ನು ಕರೆಯುತ್ತಿದ್ದ ನಾನು.

ಈಗ ನಿಮ್ಮ ಜೊತೆ ಒಂದು ಜಗಳ ಇದೆ. ನಿಮ್ಮ ಹಳೇ ಬೈಕಿನಲ್ಲಿ ನನಗೆ ಕಲಿಸಿದಾಗ ಏನು ಹೇಳಿದ್ದಿರಿ? "ಮುಂದಿನ ಬ್ರೇಕ್ ಮುಟ್ಟಲೇಬೇಡ, ಮುಗ್ಗರಿಸುತ್ತೆ." ಅರ್ಧ ಸರಿ. ನಾನು ಬಿದ್ದಂಥ ಜಾಗದಲ್ಲಿ, ತೀರಾ ನಿಧಾನ, ಹ್ಯಾಂಡಲ್ ತಿರುಗಿದ್ದಾಗ, ಹಿಂದಿನ ಬ್ರೇಕೇ ಗೆಳೆಯ. ಆದರೆ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಿಲ್ಲಿಸೋದು ಹೆಚ್ಚಾಗಿ ಮುಂದಿನ ಬ್ರೇಕೇ. ಬ್ರೇಕ್ ಹಾಕಿದ ಕೂಡಲೇ ಭಾರ ಎಲ್ಲಾ ಮುಂದಿನ ಚಕ್ರಕ್ಕೆ ಬರುತ್ತೆ, ಹಿಂದಿನದು ಹಗುರವಾಗಿ ಜಾರೋಕೆ ಶುರುವಾಗುತ್ತೆ. ಗುಟ್ಟು ಇರೋದು ಹಿಡಿಯುವ ರೀತಿಯಲ್ಲಿ. ನಿಂಬೆಹಣ್ಣು ಹಿಂಡಿದ ಹಾಗೆ ಮೊದಲು ಮೆಲ್ಲಗೆ ಹಿಡಿದು, ಟೈರು ನೆಲಕ್ಕೆ ಒತ್ತಿಕೊಂಡಿತು ಅನಿಸಿದ ಮೇಲೆ ಗಟ್ಟಿ ಮಾಡಬೇಕು. ಇದನ್ನೇ ಒಂದು ಬೆಳಿಗ್ಗೆ ಪೂರ್ತಿ ಮಾಡಿಸಿದರು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾದ ದೂರ ನಾಲ್ಕು ಪಟ್ಟು ಅಂತ ಓದಿದ್ದೆ. 30ರಲ್ಲಿ ಎಲ್ಲಿ ನಿಂತೆ, 60ರಲ್ಲಿ ಎಲ್ಲಿ ನಿಂತೆ ಅಂತ ನೆಲದ ಮೇಲೆ ಸೀಮೆಸುಣ್ಣದ ಗೆರೆ ನೋಡಿದಾಗ ಬಾಯಿ ಕಟ್ಟಿಹೋಯಿತು.

ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ಇದೆಯಲ್ಲಾ ಅಂತೀರಿ. ಇದೆ. ಆದರೆ ನಡಿಗೆಯ ವೇಗದಲ್ಲಿ ಅದು ಕೆಲಸಕ್ಕೇ ಬರಲ್ಲ.

ನಿಮ್ಮಿಂದ ಕಲಿತದ್ದು ತಪ್ಪು ಅಂತಲ್ಲ ಅಪ್ಪ. ಆದರೆ ನನಗೆ ಕಲಿಸುವ ಆಕೆ ಒಂದು ಲೆಕ್ಕ ಹೇಳಿದರು. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅನ್ನುವವರ ತಂಡ ಲಾಸ್ ಏಂಜಲೀಸ್ ಕಡೆ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ನೋಡಿ 1981ರಲ್ಲಿ ವರದಿ ಕೊಟ್ಟಿತ್ತಂತೆ. (ಹೆಸರೇ ಹರ್ಟ್, ನಾನು ಕಟ್ಟಿದ್ದಲ್ಲ.) ಅಪಘಾತ ಆದ ಸವಾರರಲ್ಲಿ ನೂರಕ್ಕೆ 92 ಜನ ತರಬೇತಿ ಇಲ್ಲದವರು. ತಾವೇ ಕಲಿತವರು, ಇಲ್ಲ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಅದನ್ನು ಕೇಳಿದಾಗ ನಿಮ್ಮ ಮುಖ ನೆನಪಾಯಿತು. ನಗು ಬಂತು, ಸ್ವಲ್ಪ ಭಯವೂ ಆಯಿತು. ಅದೇ ವರದಿಯಲ್ಲಿ, ಬೇರೆ ಗಾಡಿಗೆ ಡಿಕ್ಕಿಯಾದ ಕಡೆ ಮೂರರಲ್ಲಿ ಎರಡು ಪಾಲು ತಪ್ಪು ಆ ಗಾಡಿಯವರದ್ದೇ, ದಾರಿ ಬಿಡಬೇಕಾದಲ್ಲಿ ಬಿಟ್ಟಿರಲಿಲ್ಲ. ಅದಕ್ಕೇ ಜಂಕ್ಷನ್ ಬಂದರೆ ನಾನು ಕಾರಿನವರ ಮುಖ ನೋಡಲ್ಲ, ಮುಂದಿನ ಚಕ್ರ ನೋಡುತ್ತೇನೆ. ಚಕ್ರ ಸುಳ್ಳು ಹೇಳಲ್ಲ.

ಬೈಕ್ ಯಾವುದು ಅಂತ ಹೇಳಲೇ ಇಲ್ಲ. ಕವಾಸಕಿ ನಿಂಜಾ 400, ಯಾರೋ ಓಡಿಸಿ ಬಿಟ್ಟದ್ದು. 399 ಸಿಸಿ, ಎರಡು ಸಿಲಿಂಡರ್. ಮನಸ್ಸು ಇದ್ದದ್ದು 600 ಸಿಸಿಯ ನಾಲ್ಕು ಸಿಲಿಂಡರ್ ಬೈಕಿನ ಮೇಲೆ. ನೋಡೋಕೆ ಎರಡೂ ಅಕ್ಕತಂಗಿಯರ ಹಾಗಿವೆ. ಆದರೆ ಆ ಅಕ್ಕನಿಗೆ 100 ಅಶ್ವಶಕ್ತಿಗಿಂತ ಜಾಸ್ತಿ, ನನ್ನ ತಂಗಿಗೆ ಅದರ ಅರ್ಧವೂ ಇಲ್ಲ. ಆಕ್ಸಿಲರೇಟರ್ ಮೇಲೆ ಹೊಸಬರ ಕೈ ನಡುಗುತ್ತೆ. 600ರಲ್ಲಿ ನಡುಗಿದ ಕೈ ಎಲ್ಲಿಗೆ ಕೊಂಡೊಯ್ಯುತ್ತೋ ದೇವರೇ ಬಲ್ಲ, ಇದು ಕ್ಷಮಿಸುತ್ತೆ. ಹಳೇದು ತಗೊಂಡಿದ್ದೂ ಒಳ್ಳೇದೇ ಆಯಿತು. ಮೈಮೇಲೆ ಮೊದಲೇ ಗೀರು ಇತ್ತು, ನನ್ನದೊಂದು ಸೇರಿಕೊಂಡಿತು, ಅಷ್ಟೇ.

ಮೊದಲ ವಾರ ಮಣಿಕಟ್ಟು ನೋವು ತಡೆಯಲಾಗಲಿಲ್ಲ. ಈ ಬೈಕುಗಳಲ್ಲಿ ಹ್ಯಾಂಡಲ್ ತಗ್ಗು, ಕಾಲಿಡುವ ಜಾಗ ಎತ್ತರ ಮತ್ತು ಹಿಂದೆ. ಮೈಭಾರ ಎಲ್ಲಾ ಕೈ ಮೇಲೆ ಹಾಕಿ ಕೂತಿದ್ದೆ. ಮೊಣಕಾಲಿನಿಂದ ಟ್ಯಾಂಕನ್ನು ಅಪ್ಪಿಕೋ, ಹೊಟ್ಟೆ ಬೆನ್ನಿನ ಬಲದಲ್ಲಿ ಕೂರು, ಮೊಣಕೈ ಸಡಿಲ ಬಿಡು ಅಂದರು. ಹಾಗೆ ಮಾಡಿದ ಮೇಲೆ ನೋವು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಬೈಕು ತಾನೇ ನೆಟ್ಟಗೆ ಹೋಗೋಕೆ ಶುರು ಮಾಡಿತು. ಅಷ್ಟು ದಿನ ಅದನ್ನು ಅಲ್ಲಾಡಿಸುತ್ತಿದ್ದವಳು ನಾನೇ.

ಅಪ್ಪ, ಇದನ್ನು ನೀವು ನಂಬಲ್ಲ. ವೇಗದಲ್ಲಿ ಬೈಕನ್ನು ಬಲಕ್ಕೆ ತಿರುಗಿಸಬೇಕಾದರೆ ಬಲಗಡೆಯ ಹಿಡಿಯನ್ನೇ ಮುಂದಕ್ಕೆ ಒತ್ತಬೇಕು. ಅಂದರೆ ಚಕ್ರ ಒಂದು ಕ್ಷಣ ಎಡಕ್ಕೆ ಹೋಗುತ್ತೆ, ಬೈಕು ಬಲಕ್ಕೆ ವಾಲುತ್ತೆ, ಬಲಕ್ಕೇ ತಿರುಗುತ್ತೆ. ನೀವೂ ಇಷ್ಟು ವರ್ಷ ಇದನ್ನೇ ಮಾಡಿದ್ದೀರಿ, ಗೊತ್ತಿಲ್ಲದೆ. ವಿಮಾನ ಮಾಡಿದ ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟಿದ್ದರಲ್ಲ, ಅವರಲ್ಲಿ ವಿಲ್ಬರ್ ರೈಟ್ ಸೈಕಲ್ ಓಡಿಸುವ ಎಷ್ಟೋ ಜನರನ್ನು "ಎಡಕ್ಕೆ ಹೇಗೆ ತಿರುಗಿಸುತ್ತೀರಿ" ಅಂತ ಕೇಳಿದ್ದರಂತೆ. ಒಬ್ಬರೂ ಪೂರ್ತಿ ಸರಿಯಾಗಿ ಹೇಳಲಿಲ್ಲವಂತೆ. ಖಾಲಿ ರಸ್ತೆಯಲ್ಲಿ 40ರಲ್ಲಿ ಹೋಗುವಾಗ ಬಲಗೈಯಿಂದ ಸುಮ್ನೆ ಒಂಚೂರು ಒತ್ತಿ ನೋಡಿ. ಒಂಚೂರು ಮಾತ್ರ!

ಕಣ್ಣಿನ ಕಥೆ ಇನ್ನೊಂದು. ಎತ್ತ ನೋಡುತ್ತೀಯೋ ಬೈಕು ಅತ್ತ ಹೋಗುತ್ತೆ. ಗುಂಡಿ ನೋಡಿದರೆ ಗುಂಡಿಗೇ. ತಿರುವಿನಲ್ಲಿ ನನ್ನ ಕಣ್ಣು ಚಕ್ರದ ಮುಂದಿನ ಮೂರು ಅಡಿಯಲ್ಲೇ ಇರುತ್ತಿತ್ತು, ಗಾಡಿ ರಸ್ತೆಯ ಅಂಚಿಗೆ ಓಡುತ್ತಿತ್ತು. ಗದ್ದ ಎತ್ತಿ ತಿರುವಿನ ಆಚೆ ತುದಿ ನೋಡೋದು ಅಭ್ಯಾಸ ಆಗೋಕೆ ಹದಿನೈದು ದಿನ ಬೇಕಾಯಿತು. ಹೆದರಿದಾಗ ಈಗಲೂ ಕಣ್ಣು ಕೆಳಗೇ ಇಳಿಯುತ್ತೆ.

ಅಮ್ಮ, ನೀನು ಕೇಳುವ ಮೊದಲೇ ಹೇಳುತ್ತೇನೆ. ಗದ್ದ ಮುಚ್ಚುವ ಹೆಲ್ಮೆಟ್. ಭುಜ, ಮೊಣಕೈ, ಬೆನ್ನಿಗೆ ಗಟ್ಟಿ ಪ್ಯಾಡ್ ಇರುವ ಜಾಕೆಟ್. ಅಂಗೈಗೆ ಗಟ್ಟಿ ಬಿಲ್ಲೆ ಇರುವ ಗ್ಲೌಸ್, ಬಿದ್ದಾಗ ಹೆಚ್ಚಾಗಿ ಮೊದಲು ನೆಲಕ್ಕೆ ತಾಗೋದು ಅಂಗೈಯೇ. ಹಿಮ್ಮಡಿ ಗಂಟು ಮುಚ್ಚುವ ಬೂಟು. ಎಲ್ಲಾ ಹಾಕಿಕೊಳ್ಳೋಕೆ ಹತ್ತು ನಿಮಿಷ ಬೇಕು, ಸೆಕೆಗೆ ಬೆಂದುಹೋಗುತ್ತೇನೆ. ಹಾಕದೆ ಒಂದು ದಿನವೂ ಹೊರಟಿಲ್ಲ.

ಮುರಿದ ಲಿವರನ್ನು ನಾನೇ ಬದಲಾಯಿಸಿದೆ. ಒಂದು ಬೋಲ್ಟು, ಒಂದು ನಟ್ಟು, ಅಷ್ಟೇ. ಬೋಲ್ಟಿಗೆ ಒಂಚೂರು ಗ್ರೀಸ್ ಹಚ್ಚಿದೆ, ಅದನ್ನು ಮಾತ್ರ ನೀವು ಕಲಿಸಿದ್ದು. ಹಳೇ ತುಂಡು ಮೇಜಿನ ಮೇಲಿದೆ.

ಈ ಭಾನುವಾರ ಮತ್ತೆ ಅದೇ ಮೈದಾನ, ಅದೇ ಕೋನ್. ಹ್ಯಾಂಡಲ್ ಜಾಸ್ತಿ ತಿರುಗದ ಬೈಕು ಇದು, ಯೂ ಟರ್ನ್ ತಗೊಳ್ಳೋದು ಹಡಗು ತಿರುಗಿಸಿದ ಹಾಗೆ. ಹಾಫ್ ಕ್ಲಚ್ಚಿನಲ್ಲಿ, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿಕೊಂಡು, ತಲೆ ಪೂರ್ತಿ ಹಿಂದಕ್ಕೆ ತಿರುಗಿಸಿ. ಹತ್ತರಲ್ಲಿ ಆರು ಸಲ ಬರುತ್ತೆ. ಉಳಿದ ನಾಲ್ಕರಲ್ಲಿ ಕಾಲು ಕೆಳಗೆ. ಅಪ್ಪ, ಬಲಗೈ ಒತ್ತಿ ನೋಡಿದ್ದರೆ ಏನಾಯಿತು ಅಂತ ಬರೆಯಿರಿ. ಅಮ್ಮನ ಮುಂದೆ ಮಾಡಬೇಡಿ.

ನಿಮ್ಮ ಮಗಳು