ಸೋಮವಾರ ಸಹಿ ಹಾಕಬೇಡ

ಕಲಬುರಗಿ
ಗುರುವಾರ ರಾತ್ರಿ

ಮಗಳೇ,

ನಿನ್ನೆ ಫೋನಿನಲ್ಲಿ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಿದೆ, ಹೇಳಿದ ಮಾತಿಗಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳ. ನಿನ್ನ ಕಾದಂಬರಿ ಅಚ್ಚು ಹಾಕಲು ನಿನ್ನಿಂದಲೇ 68,000 ರೂಪಾಯಿ ಕೇಳುತ್ತಿರುವ ಆ ಪ್ರಕಾಶನದವರು ಕರಾರಿಗೆ ಸಹಿ ಹಾಕಲು ಕೊಟ್ಟ ಗಡುವು ಸೋಮವಾರ. ಅದಕ್ಕೇ ಬರೆಯುತ್ತಿದ್ದೇನೆ, ನಿನ್ನ ತಮ್ಮ ಫೋಟೊ ತೆಗೆದು ಕಳಿಸುತ್ತಾನೆ.

"ನಿಮಗೆ ದೆವ್ವದ ಪ್ರೇಮಕಥೆ ಅಂದ್ರೆ ಅಸಡ್ಡೆ" ಅಂದೆಯಲ್ಲ, ಹಾಗಿಲ್ಲ. ನಮ್ಮೂರ ಹಫ್ತ್ ಗುಂಬಜ್ ಗೋರಿಗಳ ಮುಂದೆ ಜೀವಮಾನವೆಲ್ಲ ಸೈಕಲ್ ಹೊಡೆದವನು ನಾನು. ಒಳಗೊಬ್ಬ ಬಹಮನಿ ಕಾಲದ ಹುಡುಗ 600 ವರ್ಷದಿಂದ ಕಾಯುತ್ತಿರಬಹುದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಪ್ರೆಸ್ಸಿನಲ್ಲಿ ಊರವರ ಕರಡೆಲ್ಲ ತಿದ್ದಿದೆ. ನಿನ್ನದನ್ನು ಮಾತ್ರ ಪೆನ್ನು ಕೆಳಗಿಟ್ಟು ಓದಿದೆ.

ಆದರೂ ಕಣ್ಣು ಸುಮ್ನಿರಲಿಲ್ಲ. ಆರನೇ ಅಧ್ಯಾಯದಲ್ಲಿ ಅಮಾವಾಸ್ಯೆ ಅಂತ ಬರೆದಿದ್ದೀಯ. ನಾಲ್ಕು ಪುಟ ಕಳೆಯುವಷ್ಟರಲ್ಲಿ ಅದೇ ರಾತ್ರಿ ಗುಂಬಜಿನ ಮೇಲೆ ಬೆಳದಿಂಗಳು! ಆ ಪ್ರಕಾಶನದವರ ಪತ್ರದಲ್ಲಿ "ನಮ್ಮ ಸಂಪಾದಕ ಮಂಡಳಿ ಪ್ರತಿ ಪುಟವನ್ನೂ ಆಸ್ವಾದಿಸಿತು" ಅಂತಿದೆ. ಅಷ್ಟು ಆಸ್ವಾದಿಸಿದವರಿಗೆ ಅಮಾವಾಸ್ಯೆಯ ಚಂದ್ರ ಕಾಣಲಿಲ್ವಾ?

ಅಮೆರಿಕದಲ್ಲೂ ಹೀಗೇ ಆಗಿತ್ತಂತೆ, ನಿನ್ನ ತಮ್ಮ ಓದಿ ಹೇಳಿದ. 2004ರಲ್ಲಿ ಒಂದಷ್ಟು ಲೇಖಕರು ಸೇರಿ ಬೇಕಂತಲೇ ಕೆಟ್ಟದಾಗಿ 'ಅಟ್ಲಾಂಟಾ ನೈಟ್ಸ್' ಅಂತ ಒಂದು ಕಾದಂಬರಿ ಬರೆದರು. ಅದರಲ್ಲಿ 21ನೇ ಅಧ್ಯಾಯವೇ ಇಲ್ಲ. 34ನೆಯದನ್ನು ಕಂಪ್ಯೂಟರಿನಿಂದ ಬರೆಸಿದ್ದು. ಒಳ್ಳೆಯದನ್ನೇ ಆರಿಸಿ ತಗೊಳ್ಳುವವರು ನಾವು ಅಂತ ಹೇಳಿಕೊಳ್ಳುತ್ತಿದ್ದ ಪ್ರಕಾಶನ ಸಂಸ್ಥೆ ಅದನ್ನೂ ಒಪ್ಪಿಕೊಂಡು ಪತ್ರ ಕಳಿಸಿತು. ಗುಟ್ಟು ಹೊರಬಿದ್ದ ಮೇಲೆ ವಾಪಸ್ ತಗೊಂಡಿತು.

ನನ್ನ ಹೆದರಿಕೆ ಬೇರೆ. ಜೇವರ್ಗಿ ಕಡೆಯ ಮೇಷ್ಟ್ರೊಬ್ಬರು ನಮ್ಮ ಪ್ರೆಸ್ಸಿಗೆ ಕವನ ಸಂಕಲನ ತಂದಿದ್ದರು. ಸೊಸೈಟಿ ಸಾಲ ಮಾಡಿ. 1/8 ಡೆಮಿ ಅಳತೆ, 1000 ಪ್ರತಿ. ಬಂಡಲ್ ಕಟ್ಟಿದವನು ನಾನೇ. ಸುತಳಿ ಅಡ್ಡ ಒಂದು, ಉದ್ದ ಒಂದು ಸುತ್ತಿ, ಗಂಟಿನ ತುದಿ ಒಳಗೆ ಸಿಕ್ಕಿಸುತ್ತಿದ್ದೆ. ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ. ಬಿಡುಗಡೆ ಜೋರಾಗಿಯೇ ಆಯಿತು, ಶಾಲು, ಹಾರ, ಹಣ್ಣಿನ ಬುಟ್ಟಿ. ಎಷ್ಟೋ ವರ್ಷದ ಮೇಲೆ ಅವರ ಮಗನ ಲಗ್ನಪತ್ರಿಕೆಯ ಕರಡು ತೋರಿಸಲು ಮನೆಗೆ ಹೋದೆ. ಒಳಗೆ ಗೋಡೆಗುಂಟ ಬಂಡಲ್‌ಗಳು. ಅವುಗಳ ಮೇಲೆ ಜೋಳದ ಚೀಲ, ನೆಲದ ತಂಪು ಹತ್ತಬಾರದು ಅಂತ. ಭಾರಕ್ಕೆ ಮೇಲಿನ ಬಂಡಲ್ ಬಾಗಿತ್ತು. ನನ್ನ ಗಂಟುಗಳು ಹಾಗೇ ಇದ್ದವು, ಸಿಕ್ಕಿಸಿದ ತುದಿ ಸಹಿತ. ನಾನು ನೋಡಿದ್ದನ್ನು ಮೇಷ್ಟ್ರು ನೋಡಿದರು. "ಗೆದ್ದಲು ಹತ್ತಿಲ್ಲ ನೋಡ್ರಿ, ಕಾಗದ ಚಲೋ ಕೊಟ್ಟಿದ್ರಿ" ಅಂದರು. ಚಾ ಕೊಟ್ಟರು. ಆಮೇಲೆ ಅವರು ಒಂದು ಸಾಲೂ ಬರೆಯಲಿಲ್ಲ ಅಂತ ಮಗ ಹೇಳಿದ. ಬಂಡಲ್ ಬಿಚ್ಚಿಯೇ ಇರಲಿಲ್ಲ ಮಗಳೇ. ಇದನ್ನೇ ಯಾಕೆ ಇಷ್ಟುದ್ದ ಎಳೆಯುತ್ತಿದ್ದೇನೋ.

ಅಲ್ಲಿ ಮೋಸ ಇರಲಿಲ್ಲ, ಅದನ್ನೂ ಹೇಳಬೇಕು. ನಾವು ಮುದ್ರಕರು, ಮಾರುವವರಲ್ಲ ಅಂತ ಮೊದಲೇ ಹೇಳಿದ್ದೆವು. ಪ್ರೆಸ್ಸಿನವನು ನಿನ್ನ ದುಡ್ಡು ತಗೊಂಡು ಅಚ್ಚು ಹಾಕುತ್ತಾನೆ. ಪ್ರಕಾಶಕ ತನ್ನ ದುಡ್ಡು ಹಾಕುತ್ತಾನೆ, ಅದು ವಾಪಸ್ ಬರಲಿ ಅಂತ ಅಂಗಡಿ ಅಂಗಡಿ ತಿರುಗುತ್ತಾನೆ. ನಿನ್ನ ಹತ್ತಿರವೇ 68,000 ಬಂದ ಮೇಲೆ ಇವರಿಗೆ ಮಾರುವ ಗರಜೇನು? ಪ್ರೆಸ್ ಕೆಲಸ ಮಾಡಿ ಪ್ರಕಾಶಕ ಅನ್ನಿಸಿಕೊಳ್ಳುವ ಚಟ ಅಷ್ಟೇ.

ಅವರ ಪಟ್ಟಿಯಲ್ಲಿ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರು) ಅಂತ 5,000 ಹಾಕಿದ್ದಾರೆ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ, ಅದೂ ಪುಕ್ಕಟೆ. ಹಕ್ಕು "ಎಲ್ಲ ಭಾಷೆ, ಎಲ್ಲ ಮಾಧ್ಯಮ, ಶಾಶ್ವತ" ಅಂತಿದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅವಧಿ ಬರೆಯದಿದ್ದರೆ ಅದು 5 ವರ್ಷ ಅಂತಲೇ ಲೆಕ್ಕ. ಅದಕ್ಕೇ ಆ 'ಶಾಶ್ವತ'ವನ್ನು ಮರೆಯದೆ ಸೇರಿಸಿದ್ದಾರೆ. ಅವ್ವ ಕೊಟ್ಟ ಬಳೆ ಅಡ ಇಟ್ಟು ಇಂಥದ್ದಕ್ಕೆ ಸಹಿ ಹಾಕುತ್ತೀಯಾ?

ಬುದ್ಧಿ ಹೇಳಬಾರದು ಅಂತಲೇ ಬರೆಯೋಕೆ ಕೂತೆ. ಆಗಲಿಲ್ಲ, ಓದು. 2020ರ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲಾದಾಗ ಚೀಲಗಟ್ಟಲೆ ಪುಸ್ತಕ ತಂದೆಯಲ್ಲ, ಅವುಗಳ ಒಳಪುಟ ತೆಗೆದು ನೋಡು. ದೆವ್ವವನ್ನೋ ಪ್ರೇಮವನ್ನೋ ಯಾರು ಅಚ್ಚು ಹಾಕಿದ್ದಾರೆ? ಎರಡನೇ ಮುದ್ರಣ ಆಗಿದೆಯಾ? ಅವರಿಗೆ ಬರಿ. ಒಂದು ಪುಟದ ಸಾರಾಂಶ, ಕೊನೆಯನ್ನೂ ಸೇರಿಸಿ. ಪ್ರಕಾಶಕರ ಹತ್ತಿರ ಸಸ್ಪೆನ್ಸ್ ಇಟ್ಟು ಉಪಯೋಗವಿಲ್ಲ. ಜೊತೆಗೆ ಮೊದಲ ಮೂರು ಅಧ್ಯಾಯ, ಯೂನಿಕೋಡಿನಲ್ಲಿ. ನಿನ್ನದು ಹೆದರಿಸುವ ಕಥೆಯೋ, ಪ್ರೇಮಕಥೆಯೋ ಅಂತ ಮೊದಲ ಸಾಲಿನಲ್ಲೇ ಹೇಳು. ಇಬ್ಬರೂ ಕೊನೆಗೆ ಒಂದಾಗದಿದ್ದರೆ ರೊಮ್ಯಾನ್ಸ್ ಓದುವವರು ಒಪ್ಪುವುದಿಲ್ಲ ಅಂತ ನೀನೇ ಹೇಳಿದ್ದೆ. ಪ್ರತಿಲಿಪಿ ಆ್ಯಪಿನಲ್ಲಿ ಹಾಕಿದ ಭಾಗವನ್ನೂ ಮುಚ್ಚಿಡಬೇಡ. ಸಣ್ಣ ಕಥೆಗಳನ್ನು ಸುಧಾ, ಮಯೂರ, ತರಂಗಕ್ಕೆ ಕಳಿಸು. ಚೊಚ್ಚಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ, ಅರ್ಜಿ ಯಾವಾಗ ಕರೆಯುತ್ತಾರೆ ವಿಚಾರಿಸು. ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ, ಅಷ್ಟೇ. ಎರಡು ದಿನಕ್ಕೆ "ಅದ್ಭುತ" ಅಂದವರಿಗಿಂತ ಅದು ವಾಸಿ.

ಯಾರೂ ತಗೊಳ್ಳದಿದ್ದರೆ ಡಿಜಿಟಲ್‌ನಲ್ಲಿ ನಾವೇ 100 ಪ್ರತಿ ಹಾಕಿಸೋಣ, ಮಾರುವ ತಲೆನೋವು ನಮ್ಮದೇ ಅಂತ ತಿಳಿದು. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ ನಾನೇ ಆರಿಸುತ್ತೇನೆ.

ಇನ್ನೊಂದು. ನೀನು ಕೊನೆಯ ಎರಡು ಅಧ್ಯಾಯ ಕಳಿಸಿಲ್ಲ. ನಿಮ್ಮವ್ವ ರೊಟ್ಟಿ ಬಡಿಯುತ್ತಾ ಕೇಳುತ್ತಲೇ ಇದ್ದಾಳೆ, ಆ ಹುಡುಗನಿಗೆ ದೇಹ ಬರುತ್ತಾ, ಇಲ್ಲಾ ಹುಡುಗಿಯೇ ಅವನ ಕಡೆ ಹೋಗುತ್ತಾಳಾ ಅಂತ. ಎರಡನೆಯದಾದರೆ ತಾನು ಓದುವುದಿಲ್ಲವಂತೆ. ನಾಳೆ ಕಳಿಸು.

ನಿನ್ನ ಅಪ್ಪ