ಕೇಳದವರಿಗೂ ಸಿಗಬೇಕಾದ ವಕೀಲರು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ನವೆಂಬರ್ 9ರಂದು ರಾಷ್ಟ್ರೀಯ ಕಾನೂನು ಸೇವೆಗಳ ದಿನಾಚರಣೆ ನಡೆಯುತ್ತದೆ. ಶಾಲಾ ಮಕ್ಕಳ ಜಾಥಾ ಹೊರಡುತ್ತದೆ, ತಾಲ್ಲೂಕು ಕೇಂದ್ರದ ಸಭಾಭವನದಲ್ಲಿ ‘ಕಾನೂನು ಅರಿವು ಮತ್ತು ನೆರವು’ ಎಂಬ ಬ್ಯಾನರಿನ ಕೆಳಗೆ ಭಾಷಣಗಳಾಗುತ್ತವೆ, ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ತಾಲ್ಲೂಕು ನ್ಯಾಯಾಲಯಗಳಲ್ಲಿ ಗುಮಾಸ್ತನಾಗಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದ ನಾನು ಇಂಥ ಅನೇಕ ಸಮಾರಂಭಗಳಿಗೆ ಕುರ್ಚಿ ಹಾಕಿಸಿದ್ದೇನೆ. ನಿವೃತ್ತಿಯ ನಂತರ ಕೆಲವು ಕಾಲ ಅರೆಕಾನೂನು ಸ್ವಯಂಸೇವಕನಾಗಿ, ಅಂದರೆ ವಕೀಲನಲ್ಲದಿದ್ದರೂ ಜನರಿಗೆ ಕಾನೂನು ನೆರವಿನ ದಾರಿ ತೋರಿಸುವವನಾಗಿ, ಹಳ್ಳಿಗಳನ್ನೂ ಸುತ್ತಿದ್ದೇನೆ. ಆ ಅನುಭವದಿಂದ ಹೊಮ್ಮಿದ ಒಂದು ಮಾತನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ. ನಮ್ಮ ದೇಶದಲ್ಲಿ ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಇದೆ, ಕಚೇರಿ ಇದೆ, ವಕೀಲರ ಪಟ್ಟಿಯೂ ಇದೆ. ಆದರೆ ಯಾರಾದರೂ ಬಂದು ಕೇಳಲಿ ಎಂದು ಇವೆಲ್ಲ ಕಾಯುತ್ತ ಕುಳಿತಿವೆ. ಕೇಳಲು ತಿಳಿಯದವರಿಗಾಗಿಯೇ ಹುಟ್ಟಿದ ವ್ಯವಸ್ಥೆ ಕೇಳಬಲ್ಲವರಿಗೆ ಮಾತ್ರ ದಕ್ಕುತ್ತಿದೆ.

ನನ್ನ ಸೇವೆಯ ಕೊನೆಯ ವರ್ಷಗಳ ಒಂದು ಸಂಗತಿಯನ್ನು ಹೇಳುತ್ತೇನೆ. ಗಂಡ ಬಿಟ್ಟುಹೋದ, ಎರಡು ಮಕ್ಕಳ ತಾಯಿಯೊಬ್ಬರು ಜೀವನಾಂಶದ ಪ್ರಕರಣಕ್ಕಾಗಿ ವಾಯಿದೆಯಿಂದ ವಾಯಿದೆಗೆ ಬಂದು, ನ್ಯಾಯಾಲಯದ ಪಡಸಾಲೆಯಲ್ಲಿ ಸಂಜೆಯವರೆಗೆ ಕುಳಿತು ಹೋಗುತ್ತಿದ್ದರು. ನಾಲ್ಕನೆಯ ಸಲವೋ ಐದನೆಯ ಸಲವೋ ವಿಚಾರಿಸಿದಾಗ, ‘ವಕೀಲರು ಬಾಕಿ ಫೀಸು ಕೊಟ್ಟ ಮೇಲೇ ಬರ್ತೀನಿ ಅಂದಾರೆ ಸಾಹೇಬ್ರೆ’ ಎಂದರು. ಮೊದಲ ಕಂತಿಗೇ ಬೆಂಡೋಲೆ ಅಡವಿಗೆ ಹೋಗಿತ್ತು. ಅವರು ಕುಳಿತಿದ್ದ ಜಾಗದಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೊಠಡಿಗೆ ಐವತ್ತು ಹೆಜ್ಜೆಯೂ ಇರಲಿಲ್ಲ. ಬೋರ್ಡು ನೋಡಿದ್ದರಂತೆ, ಆದರೆ ಅದು ದೊಡ್ಡವರ ಕಚೇರಿ ಎಂದುಕೊಂಡಿದ್ದರಂತೆ. ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದವರು ಆದಾಯ ಪ್ರಮಾಣಪತ್ರ ತನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಕೂಲಿ ಬಿಟ್ಟು ನಾಡಕಚೇರಿಗೆ ಎರಡು ಸಲ ಅಲೆದ ಮೇಲೆ ಪ್ರಮಾಣಪತ್ರ ಬಂತು, ವಕೀಲರೂ ನೇಮಕವಾದರು. ಅವರಿಂದ ಆ ಕಾಗದವನ್ನು ಕೇಳುವ ಅಗತ್ಯವೇ ಇರಲಿಲ್ಲ ಎಂಬುದು ನಂತರ ಅಧಿನಿಯಮವನ್ನು ತೆಗೆದು ಓದಿದಾಗ ನನಗೆ ತಿಳಿಯಿತು. ಅಷ್ಟು ವರ್ಷ ಅದೇ ಕಟ್ಟಡದಲ್ಲಿ ಕೆಲಸ ಮಾಡಿದ ನನಗೇ ಗೊತ್ತಿರಲಿಲ್ಲವೆಂದರೆ ಅವರನ್ನು ಏನೆನ್ನುವುದು?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಸೆಕ್ಷನ್ 12 ಹೇಳುವುದು ಬಹಳ ಸ್ಪಷ್ಟವಾಗಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಮಾನವ ಸಾಗಣೆ ಅಥವಾ ಜೀತಕ್ಕೆ ಸಿಕ್ಕಿದವರು, ಕೈಗಾರಿಕಾ ಕಾರ್ಮಿಕರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯಗಳಂಥ ಆಪತ್ತಿಗೆ ಈಡಾದವರು, ಬಂಧನದಲ್ಲಿರುವವರು, ಇವರೆಲ್ಲರೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ಸೇವೆಗೆ ಅರ್ಹರು. ಆದಾಯದ ಮಿತಿ ಇರುವುದು ಈ ವರ್ಗಗಳಿಗೆ ಸೇರದ ಉಳಿದ ಬಡವರಿಗೆ ಮಾತ್ರ. ಆ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ, ಸುಪ್ರೀಂ ಕೋರ್ಟಿನ ಪ್ರಕರಣಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ. ಅಂಥವರ ವಿಷಯದಲ್ಲಿಯೂ ಆದಾಯದ ಬಗ್ಗೆ ಅರ್ಜಿದಾರರು ಸಲ್ಲಿಸುವ ಪ್ರಮಾಣಿತ ಹೇಳಿಕೆಯನ್ನೇ ಸಾಕೆಂದು ಪರಿಗಣಿಸಬಹುದು, ನಂಬದಿರಲು ಕಾರಣವಿದ್ದರೆ ಮಾತ್ರ ಪ್ರಾಧಿಕಾರ ಬೇರೆ ದಾಖಲೆ ಕೇಳಬೇಕು ಎಂಬ ಅರ್ಥದ ಮಾತು ಸೆಕ್ಷನ್ 13ರಲ್ಲಿದೆ. ಅರ್ಜಿಯ ಬಗ್ಗೆ ಏಳು ದಿನಗಳೊಳಗೆ ತೀರ್ಮಾನವಾಗಬೇಕೆಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ನಿಯಮ ಹೇಳುತ್ತದೆ. ನೆರವು ಎಂದರೆ ವಕೀಲರ ಶುಲ್ಕವಷ್ಟೇ ಅಲ್ಲ, ಕೋರ್ಟ್ ಫೀ, ನೋಟಿಸಿನ ಖರ್ಚು, ದೃಢೀಕೃತ ನಕಲು ಪ್ರತಿಗಳು, ಮೇಲ್ಮನವಿಗೆ ಬೇಕಾದ ಅನುವಾದದ ವೆಚ್ಚ ಎಲ್ಲವೂ ಅದರಲ್ಲಿ ಸೇರಿವೆ. ಇಷ್ಟು ಉದಾರವಾದ ಕಾನೂನನ್ನು ಓದಿದಾಗ ಸಂತೋಷವಾಗುತ್ತದೆ, ಕೌಂಟರಿನ ಮುಂದೆ ನಿಂತಾಗ ಅದು ಇಳಿದುಹೋಗುತ್ತದೆ.

ಇದು ಯಾರೋ ಕೊಡುವ ದಾನವಲ್ಲ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 39ಎ ವಿಧಿಯು, ಆರ್ಥಿಕ ಕಾರಣದಿಂದಲೋ ಬೇರಾವುದೇ ಅಸಹಾಯಕತೆಯಿಂದಲೋ ಯಾವ ಪ್ರಜೆಯೂ ನ್ಯಾಯದಿಂದ ವಂಚಿತನಾಗದಂತೆ ಉಚಿತ ಕಾನೂನು ನೆರವು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ಲೇಖನಗಳು ಬಂದವು. ಅವನ್ನೇ ಆಧಾರವಾಗಿಟ್ಟುಕೊಂಡು ವಕೀಲೆ ಕಪಿಲಾ ಹಿಂಗೊರಾನಿಯವರು ಸುಪ್ರೀಂ ಕೋರ್ಟಿಗೆ ಹೋದರು. ಹುಸ್ಸೈನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ಅರ್ಜಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಉಚಿತ ಕಾನೂನು ಸೇವೆ ಇಲ್ಲದ ವಿಚಾರಣೆ ನ್ಯಾಯಯುತ ವಿಚಾರಣೆ ಆಗಲಾರದೆಂದು, ಅದನ್ನು ಇಪ್ಪತ್ತೊಂದನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿಸಿದರು. ಪತ್ರಿಕೆಯ ಬರಹವೊಂದು ದೇಶದ ಕಾನೂನನ್ನೇ ತಿದ್ದಿದ ಆ ನಿದರ್ಶನ ನೆನಪಿರುವುದರಿಂದಲೇ ನಾನೂ ಅರ್ಜಿಯ ಬದಲು ತಮಗೆ ಪತ್ರ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ಅದಕ್ಕೂ ಒಂದು ವರ್ಷ ಮುಂಚೆ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ಶಿಕ್ಷೆಗೊಳಗಾದ ಕೈದಿಗೆ ತೀರ್ಪಿನ ಪ್ರತಿಯನ್ನು ಸಕಾಲದಲ್ಲಿ ಉಚಿತವಾಗಿ ಕೊಡಬೇಕು, ಮೇಲ್ಮನವಿಗೆ ವಕೀಲರನ್ನೂ ಒದಗಿಸಬೇಕು ಎಂದಿದ್ದರು. ತಮಾಷೆಯೆಂದರೆ ಆ ಪ್ರಕರಣದ ಅಪರಾಧಿ ಅನಕ್ಷರಸ್ಥನಲ್ಲ, ವಿಶ್ವವಿದ್ಯಾಲಯದ ಅಧ್ಯಾಪಕ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೊಟ್ಟಿ ಮುದ್ರೆ ಮಾಡಿಸಲು ಹೋಗಿ ಸಿಕ್ಕಿಬಿದ್ದವನು. ಹೆಬ್ಬೆಟ್ಟಿನ ಕೈದಿಗಳಿಗೆ ಸಿಕ್ಕ ಒಂದು ಹಕ್ಕಿನ ಹಿಂದೆ ಹೀಗೊಂದು ಖೊಟ್ಟಿ ಮುದ್ರೆಯ ಕಥೆ ಇದೆ.

ಆದರೆ ನನ್ನ ವಾದಕ್ಕೆ ನೇರವಾಗಿ ಸಂಬಂಧಿಸಿದ್ದು 1986ರ ಸುಕ್ ದಾಸ್ ಪ್ರಕರಣ. ಅರುಣಾಚಲ ಪ್ರದೇಶದಲ್ಲಿ ಎಂಜಿನಿಯರೊಬ್ಬರಿಗೆ ಬೆದರಿಕೆ ಹಾಕಿದರೆಂಬ ಆರೋಪದ ಮೇಲೆ, ವಕೀಲರೇ ಇಲ್ಲದೆ ವಿಚಾರಣೆ ನಡೆದು ಶಿಕ್ಷೆಯಾಗಿತ್ತು. ಆರೋಪಿಗಳು ವಕೀಲರು ಬೇಕೆಂದು ಅರ್ಜಿ ಕೊಡಲಿಲ್ಲ, ಆದ್ದರಿಂದ ವಿಚಾರಣೆಯಲ್ಲಿ ದೋಷವಿಲ್ಲ ಎಂದು ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತನಗೆ ಇಂಥ ಹಕ್ಕಿದೆ ಎಂದೇ ಅರಿಯದ ಬಡವ ಅದನ್ನು ಕೇಳಲಿಲ್ಲವೆಂದು ನಿರಾಕರಿಸಿದರೆ ಕಾನೂನು ನೆರವೆಂಬುದು ಕಾಗದದ ಮೇಲೆ ಉಳಿಯುತ್ತದೆ ಎಂಬ ನಿಲುವು ತಳೆದು ಶಿಕ್ಷೆಯನ್ನೇ ರದ್ದು ಮಾಡಿತು. ಅದಕ್ಕೂ ಮೊದಲೇ, 1980ರ ಡಿಸೆಂಬರಿನಲ್ಲಿ, ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ವಿಚಾರಣಾಧೀನರನ್ನು ಕುರುಡಾಗಿಸಿದ ಘೋರ ಪ್ರಕರಣದಲ್ಲಿ, ಆರೋಪಿ ಮೊದಲ ಸಲ ಮುಂದೆ ಬಂದಾಗಲೇ ಈ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಅದೇ ನ್ಯಾಯಾಲಯ ಹೇಳಿತ್ತು. ಅಂದರೆ ‘ಕೇಳಲಿಲ್ಲ’ ಎಂಬ ಸಬೂಬಿಗೆ ಕಾನೂನಿನಲ್ಲಿ ಜಾಗವಿಲ್ಲವಾಗಿ ನಾಲ್ಕು ದಶಕಗಳಾಗುತ್ತಾ ಬಂದವು. ಕಚೇರಿಗಳ ನಡವಳಿಕೆಯಲ್ಲಿ ಮಾತ್ರ ಆ ಸಬೂಬು ಇನ್ನೂ ಸುಖವಾಗಿದೆ. 1987ರಲ್ಲಿ ಅಂಗೀಕಾರವಾದ ಅಧಿನಿಯಮ ಜಾರಿಗೆ ಬಂದದ್ದೇ 1995ರ ನವೆಂಬರ್ 9ರಂದು. ಎಂಟು ವರ್ಷದ ಆ ನಿಧಾನ ಇಡೀ ವ್ಯವಸ್ಥೆಯ ಸ್ವಭಾವಕ್ಕೆ ಅಂಟಿಕೊಂಡಂತಿದೆ.

ಬಂಧಿತರ ವಿಷಯದಲ್ಲಿ ಈ ನಿಧಾನದ ಬೆಲೆ ದೊಡ್ಡದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ ಸುಮಾರು ಎಪ್ಪತ್ತಾರು ಜನ ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದವರು. ಇವರೆಲ್ಲರೂ ಬಂಧನದಲ್ಲಿದ್ದಾರೆಂಬ ಒಂದೇ ಕಾರಣಕ್ಕೆ ಉಚಿತ ವಕೀಲರಿಗೆ ಅರ್ಹರು. 2022ರಲ್ಲಿ ಜಾರಿಗೆ ಬಂದ ಕಾನೂನು ನೆರವು ಅಭಿರಕ್ಷಕರ ಯೋಜನೆ, ಬೇರೆ ಖಾಸಗಿ ಪ್ರಕರಣ ಹಿಡಿಯದೆ ಪೂರ್ಣಾವಧಿ ಇದೇ ಕೆಲಸ ಮಾಡುವ ವಕೀಲರನ್ನು ಜಿಲ್ಲಾ ಕೇಂದ್ರಗಳಲ್ಲಿ ಇರಿಸಿದೆ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ, ನಾನು ಕಂಡ ಕೆಲವು ಯುವ ಅಭಿರಕ್ಷಕರ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೂ ದೂರದ ತಾಲ್ಲೂಕಿನಲ್ಲಿ ರಾತ್ರಿ ಬಂಧಿಸಿ ಮರುದಿನ ಮಧ್ಯಾಹ್ನ ಹಾಜರುಪಡಿಸಿದ ಆರೋಪಿಯ ಪಕ್ಕದಲ್ಲಿ ನಿಲ್ಲಲು ಆ ಹೊತ್ತಿಗೆ ಯಾರೂ ಇರುವುದಿಲ್ಲ. ‘ವಕೀಲರು ಬೇಕೇ?’ ಎಂಬ ಪ್ರಶ್ನೆ ಕೇಳಲಾಗುತ್ತದೆ, ನಿಜ. ಹೆದರಿ ನಿಂತವನಿಗೆ ಬೇಕು ಎಂದರೆ ದುಡ್ಡು ಕೊಡಬೇಕಾಗುತ್ತದೆಯೋ, ಸಾಹೇಬರು ಸಿಟ್ಟಾಗುತ್ತಾರೋ ಎಂಬ ಅಳುಕು. ಬೇಡ ಎಂದು ತಲೆ ಆಡಿಸುತ್ತಾನೆ, ಆದೇಶದ ಹಾಳೆಯಲ್ಲಿ ಒಂದು ಸಾಲು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ‘ಸರ್ಕಾರವೇ ನಿನಗೆ ವಕೀಲರನ್ನು ಕೊಡುತ್ತದೆ, ಒಂದು ಪೈಸೆ ಖರ್ಚಿಲ್ಲ’ ಎಂಬ ಮಾತನ್ನು ಅವನ ಆಡುನುಡಿಯಲ್ಲಿ ಮೊದಲು ಹೇಳಿ, ಪ್ರಶ್ನೆಯನ್ನು ಆಮೇಲೆ ಕೇಳಿದರೆ ಉತ್ತರ ಬೇರೆಯೇ ಆದೀತು.

ಜಾಮೀನು ಸಿಕ್ಕಿಯೂ ಹೊರಬರಲಾಗದವರ ಕಥೆ ಇನ್ನೂ ಕೆಟ್ಟದ್ದು. ಭದ್ರತೆಗೆ ಪಹಣಿ ತೋರಿಸಬಲ್ಲ ಜಾಮೀನುದಾರ ಎಲ್ಲಿಂದ ಬರಬೇಕು? ಜಾಮೀನು ಆದೇಶವಾಗಿ ಏಳು ದಿನಗಳೊಳಗೆ ಬಿಡುಗಡೆಯಾಗದ ಕೈದಿಯ ವಿವರವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಆದೇಶಿಸಿದೆ. ಕ್ರಿಮಿನಲ್ ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479ರ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಹಿಂದೆ ಯಾವ ಅಪರಾಧದಲ್ಲಿಯೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಅರ್ಜಿಯನ್ನು ಅಧೀಕ್ಷಕರೇ ಹಾಕಬೇಕು. ಗಮನಿಸಿ, ಈ ಎರಡೂ ಕಡೆ ಕೈದಿ ಕೇಳುವವರೆಗೆ ಕಾಯುವಂತಿಲ್ಲ. ನಾನು ಹೇಳುತ್ತಿರುವ ದಾರಿಯನ್ನು ಕಾನೂನು ಈಗಾಗಲೇ ಹಿಡಿದಿದೆ, ಅದನ್ನು ಜೈಲಿನ ಗೋಡೆಯ ಹೊರಗೂ ವಿಸ್ತರಿಸಬೇಕಷ್ಟೆ.

ಉಚಿತ ವಕೀಲರೆಂದರೆ ‘ಪುಕ್ಕಟೆ ವಕೀಲ’ ಎಂಬ ತಾತ್ಸಾರ ಕಕ್ಷಿದಾರರಲ್ಲಿಯೂ ಇದೆ, ಕೆಲವು ವಕೀಲರಲ್ಲಿಯೂ ಇದೆ. ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರಿಗೆ ಸಿಗುವ ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತದೆ. ಹೀಗಿರುವಾಗ ನುರಿತವರು ಪಟ್ಟಿಯಿಂದ ಮೆಲ್ಲನೆ ಜಾರಿಕೊಳ್ಳುವುದು ಸಹಜ. ಆದರೆ ನೆರವು ಪಡೆದವರಿಂದ ಗುಟ್ಟಾಗಿ ಹಣ ಕೇಳುವುದಕ್ಕೆ ಇದು ನೆಪವಾಗಕೂಡದು, ಹಾಗೆ ಕೇಳಿದರೆ ಪ್ರಾಧಿಕಾರಕ್ಕೆ ದೂರು ಕೊಡಬಹುದೆಂದು ಕಕ್ಷಿದಾರರಿಗೆ ನೇಮಕಾತಿ ಪತ್ರದಲ್ಲಿಯೇ ಬರೆದು ತಿಳಿಸಬೇಕು. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಿಗೆ ಕನಿಷ್ಠ ಹತ್ತು ವರ್ಷ ಅನುಭವವಿರುವ ವಕೀಲರನ್ನೇ ಪರಿಗಣಿಸಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಮಧ್ಯಪ್ರದೇಶದ ಆ ಪ್ರಕರಣದಲ್ಲಿ ಉಚಿತ ವಕೀಲರ ನೇಮಕವಾದ ದಿನವೇ ದೋಷಾರೋಪಣೆ ನಡೆದುಹೋಗಿತ್ತು.

ಲೋಕ ಅದಾಲತ್ತಿನ ಬಗ್ಗೆ ಒಂದು ಮಾತು ಹೇಳಿದರೆ ಹಲವರಿಗೆ ಇಷ್ಟವಾಗಲಿಕ್ಕಿಲ್ಲ. ‘ಗೆದ್ದವ ಸೋತ, ಸೋತವ ಸತ್ತ’ ಎನ್ನುವ ನಾಡಿನಲ್ಲಿ ರಾಜಿ ಒಳ್ಳೆಯದೇ, ಕಟ್ಟಿದ ಕೋರ್ಟ್ ಫೀಯೂ ಹಿಂದಕ್ಕೆ ಬರುತ್ತದೆ. ಆದರೆ ತಾಲ್ಲೂಕು ಸಮಿತಿಗಳ ಬಹುಪಾಲು ಶ್ರಮ ಇಂದು ಅದಾಲತ್ತಿನ ಅಂಕಿಸಂಖ್ಯೆಯನ್ನು ಏರಿಸುವುದಕ್ಕೇ ಹೋಗುತ್ತಿದೆ. ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಸಣ್ಣಪುಟ್ಟ ದಂಡದ ಪ್ರಕರಣಗಳು ಒಂದೇ ದಿನ ರಾಶಿರಾಶಿಯಾಗಿ ಮುಗಿಯುವುದನ್ನು ಬಡವರಿಗೆ ಕೊಟ್ಟ ನೆರವೆಂದು ಎಣಿಸಲಾಗದು. ಒಂದು ಕಡೆ ವಿಮಾ ಕಂಪನಿಯ ಪಳಗಿದ ವಕೀಲರು, ಇನ್ನೊಂದು ಕಡೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿ. ಅವರ ಕಿವಿಯಲ್ಲಿ ‘ಈ ಮೊತ್ತ ಕಡಿಮೆಯಾಯಿತು, ಒಪ್ಪಬೇಡಿ’ ಎನ್ನಲು ತಕ್ಕ ವಕೀಲರಿಲ್ಲದಿದ್ದರೆ ರಾಜಿ ಎಂಬುದು ಕೈಚೆಲ್ಲುವುದಕ್ಕೆ ಇನ್ನೊಂದು ಹೆಸರು. ಅದಾಲತ್ತಿನ ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿರುವ ರಾಜ್ಯ ಪ್ರಾಧಿಕಾರದ ಕಟ್ಟಡಕ್ಕೆ ‘ನ್ಯಾಯ ದೇಗುಲ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಚೆನ್ನಾಗಿದೆ. ಆದರೆ ಮೆಟ್ಟಿಲು ಹತ್ತಲಾರದವರಿಗಾಗಿ ನಮ್ಮ ದೇಗುಲಗಳಲ್ಲಿ ಉತ್ಸವಮೂರ್ತಿಯೂ ಇರುತ್ತದೆ, ವರ್ಷಕ್ಕೊಮ್ಮೆಯಾದರೂ ಅದು ಕೇರಿ ಬೀದಿಗಳಿಗೆ ಬರುತ್ತದೆ. ಅರೆಕಾನೂನು ಸ್ವಯಂಸೇವಕರು ಆ ಕೆಲಸಕ್ಕೆಂದೇ ಇರುವವರು. ಅವರನ್ನು ಸಮಾರಂಭದ ದಿನ ಬ್ಯಾನರ್ ಹಿಡಿಯಲು ಕರೆಯುವ ಬದಲು ಪೊಲೀಸ್ ಠಾಣೆ, ತಾಲ್ಲೂಕು ಆಸ್ಪತ್ರೆ, ನಾಡಕಚೇರಿಗಳಲ್ಲಿ ಸಂತೆಯ ದಿನವಾದರೂ ಕೂರಿಸಿ, ದಿನಗೂಲಿಗಿಂತ ಕಡಿಮೆಯಾಗದ ಗೌರವಧನವನ್ನು ತಿಂಗಳ ತಿಂಗಳು ಕೊಡುವುದಾದರೆ, ಅರ್ಧ ಕೆಲಸ ಆದಂತೆ.

ಉಳಿದರ್ಧಕ್ಕೆ ನನ್ನದೊಂದು ಸಣ್ಣ ಸಲಹೆ. 2024ರ ಅಕ್ಟೋಬರಿನಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆ ವಿಧಿಸಿದ ತೀರ್ಪಿನ ಪ್ರತಿಯ ಜೊತೆಗೆ, ಮೇಲ್ಮನವಿಗೆ ಉಚಿತ ಕಾನೂನು ನೆರವು ಇದೆ ಎಂದು ತಿಳಿಸುವ ಹಾಳೆಯೊಂದನ್ನು ಲಗತ್ತಿಸುವುದನ್ನು ಹೈಕೋರ್ಟುಗಳು ಪರಿಗಣಿಸಲಿ ಎಂದಿದೆ. ಬಹಳ ಒಳ್ಳೆಯದು. ಆದರೆ ಶಿಕ್ಷೆಯಾದ ಮೇಲೆ ಹೇಳುವ ಮಾತನ್ನು ಸಮನ್ಸ್ ಕೊಡುವಾಗಲೇ ಏಕೆ ಹೇಳಬಾರದು? ಅಮೀನರೋ ಪೊಲೀಸರೋ ಮನೆಬಾಗಿಲಿಗೆ ತರುವ ಸಮನ್ಸೇ ಬಡವರಿಗೆ ನ್ಯಾಯಾಲಯದಿಂದ ಬರುವ ಮೊದಲ ಕಾಗದ. ಸಿವಿಲ್ ಇರಲಿ ಕ್ರಿಮಿನಲ್ ಇರಲಿ, ಅದರ ಬೆನ್ನಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ, ‘ನಿಮಗೆ ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದಿದ್ದರೆ ಉಚಿತವಾಗಿ ವಕೀಲರನ್ನು ಕೊಡಲಾಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಮಿತಿ ಇಲ್ಲ. ಸಹಾಯವಾಣಿ 15100’ ಎಂದು ಅಚ್ಚುಹಾಕಿಸಲು ಹೈಕೋರ್ಟಿನ ಒಂದು ಸುತ್ತೋಲೆ ಸಾಕು. ಹೊಸ ಕಾನೂನು ಬೇಡ, ಹೊಸ ಕಚೇರಿ ಬೇಡ. ಓದು ಬಾರದವರಿಗೆ ಕಾಗದ ತಂದವರೇ ಓದಿ ಹೇಳಿ, ಹೇಳಿದ್ದೇನೆಂದು ಜಾರಿಯ ವರದಿಯಲ್ಲಿ ಬರೆದರಾಯಿತು.

ನಾನು ಸೇವೆಯಲ್ಲಿದ್ದಾಗ ಇದೇ ಒಕ್ಕಣೆಯ ರಬ್ಬರ್ ಮೊಹರೊಂದನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿ, ಸಮನ್ಸುಗಳ ಹಿಂಬದಿ ಒತ್ತಲು ಅನುಮತಿ ಕೇಳಿದ್ದೆ. ಮೇಲಿನ ಆದೇಶವಿಲ್ಲದೆ ಹಾಗೆಲ್ಲ ಒತ್ತಲು ಬರುವುದಿಲ್ಲವೆಂದು ಟಿಪ್ಪಣಿ ಹಿಂದಿರುಗಿತು. ನಿಯಮದ ಪ್ರಕಾರ ಅದು ಸರಿಯೇ. ಆ ಮೇಲಿನ ಆದೇಶ ಈಗಲಾದರೂ ಬರಲಿ ಎಂಬುದು ನನ್ನ ಪ್ರಾರ್ಥನೆ. ಅಲ್ಲಿಯವರೆಗೆ ತಾವು ತಮ್ಮ ಪತ್ರಿಕೆಯ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ, ಮಳೆ ಮತ್ತು ಮಾರುಕಟ್ಟೆ ಧಾರಣೆಯ ಪಕ್ಕದಲ್ಲಿ, ಆ ಮೂರು ಸಾಲುಗಳನ್ನು ವಾರಕ್ಕೊಮ್ಮೆಯಾದರೂ ಅಚ್ಚುಹಾಕಬಹುದೇ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ,
ದಾವಣಗೆರೆ