ಸ್ಯಾಂಪಲ್ ಕಳಿಸುವ ಮುಂಚೆ: ಹ್ಯಾಂಬರ್ಗ್‌ನಿಂದ ಅಣ್ಣನಿಗೆ

ಹ್ಯಾಂಬರ್ಗ್, ನವೆಂಬರ್

ಅಣ್ಣನಿಗೆ ನಮಸ್ಕಾರ.

ಈ ಸಲ ರೋಬಸ್ಟಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ) ಮತ್ತು ಕಾಳುಮೆಣಸನ್ನು ಊರಿನ ವ್ಯಾಪಾರಿಗೆ ಹಾಕದೆ, ನಾಲ್ಕಾರು ಮನೆಯವರು ಸೇರಿ ನೇರ ಈ ಕಡೆಗೆ ಕಳಿಸುತ್ತೀರಿ ಅಂತ ತಿಳಿದು ಖುಷಿಯಾಯಿತು. ಕೊಳ್ಳುವವರು ಕೊಟ್ಟ ಪರೀಕ್ಷೆಗಳ ಪಟ್ಟಿ ನೋಡಿದೆ. ಕಣದಲ್ಲಿ ಕೆಲಸ ಶುರುವಾಗುವುದಕ್ಕೆ ಮುಂಚೆಯೇ ಅದರಲ್ಲಿ ಏನೇನಿದೆ ಅಂತ ನಿನಗೆ ಗೊತ್ತಿರಲಿ ಅಂತ ಬಿಡಿಸಿ ಬರೆಯುತ್ತಿದ್ದೇನೆ. ಲ್ಯಾಬಿನವರು ಇದ್ದದ್ದನ್ನು ಅಳೆದು ಹೇಳುತ್ತಾರೆ, ಅಷ್ಟೇ. ಚೀಲದಲ್ಲಿ ಏನಿರಬೇಕು ಅನ್ನುವುದು ಒಣಗಿಸುವ ಹೊತ್ತಿಗೇ ತೀರ್ಮಾನವಾಗಿ ಹೋಗಿರುತ್ತದೆ.

ಮೊದಲು ತೇವಾಂಶ. ಕಾಫಿಯ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಔಟ್‌ಟರ್ನ್ (ಎಷ್ಟು ಬೀಜ ಸಿಗುತ್ತದೆ ಅನ್ನುವುದು) ನೋಡುವಾಗ ಮೀಟರಿಗೆ ಹಾಕಿ ನೋಡುತ್ತಾರಲ್ಲ, ಅದು ಬೀಜದ ವಿದ್ಯುತ್ ಗುಣ ನೋಡಿ ಅಂದಾಜು ಹೇಳುವ ಯಂತ್ರ. ಚೆರ್ರಿಗೆ ಒಂದು ಸೆಟ್ಟಿಂಗ್, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಿಗೆ ಒಂದು, ಸಿಪ್ಪೆಯೆಲ್ಲ ಹೋದ ಕ್ಲೀನ್ ಕಾಫಿಗೆ ಇನ್ನೊಂದು. ಅದು ತಪ್ಪಿದರೆ ಅಂಕಿಯೂ ತಪ್ಪು. ಬಿಸಿಲಿನಿಂದ ಆಗಷ್ಟೇ ತೆಗೆದ ಬಿಸಿ ಬೀಜ ಹಾಕಿದರೂ ಅಷ್ಟೇ. ನೆರಳಲ್ಲಿ ಪೂರ್ತಿ ತಣಿದ ಮೇಲೆ, ಚೀಲದ ಬೇರೆ ಬೇರೆ ಕಡೆಯಿಂದ ಮೂರು ಸಲ ತೆಗೆದು ನೋಡಿ ಸರಾಸರಿ ಬರೆದುಕೊ. ಲ್ಯಾಬಿನಲ್ಲಿ ಹಸಿ (ಅಂದರೆ ಹುರಿಯದ) ಕಾಫಿ ಬೀಜವನ್ನು ತೂಗಿ, 105 ಡಿಗ್ರಿಯ ಒಲೆಯಲ್ಲಿ 16 ಗಂಟೆ ಇಟ್ಟು, ತೇವ ತಾಕದ ಮುಚ್ಚಿದ ಪಾತ್ರೆಯಲ್ಲಿ ತಣಿಸಿ ಮತ್ತೆ ತೂಗುತ್ತಾರೆ. 10 ಗ್ರಾಂ ಇದ್ದದ್ದು 8.85 ಗ್ರಾಮಿಗೆ ಇಳಿದರೆ ನೂರಕ್ಕೆ 11.5 ತೇವ ಅಂತ ಲೆಕ್ಕ. ವರ್ಷಕ್ಕೊಂದು ಸಲವಾದರೂ ಒಂದೇ ಸ್ಯಾಂಪಲನ್ನು ನಿಮ್ಮ ಮೀಟರಿನಲ್ಲೂ ಒಲೆಯಲ್ಲೂ ನೋಡಿಸಿ, ಮೀಟರ್ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಅಂತ ಅದರ ಮೇಲೆಯೇ ಚೀಟಿ ಅಂಟಿಸಿಡಿ.

ಇದೇ ವಿಧಾನವನ್ನು ಕಾಳುಮೆಣಸಿಗೆ ಬಳಸಿದರೆ ಮೋಸ ಹೋಗುತ್ತೀರಿ. ಮೆಣಸಿನಲ್ಲಿ ನೂರಕ್ಕೆ 2ರಿಂದ 4ರಷ್ಟು ಹಾರಿಹೋಗುವ ಎಣ್ಣೆ ಇರುತ್ತದೆ. ಒಲೆಯಲ್ಲಿ ನೀರಿನ ಜೊತೆ ಅದೂ ಹೋಗಿ ಎಲ್ಲವೂ ತೇವಾಂಶದ ಲೆಕ್ಕಕ್ಕೆ ಬೀಳುತ್ತದೆ. ಅದಕ್ಕೆ ಪುಡಿ ಮಾಡಿದ ಮೆಣಸನ್ನು ಟಾಲೂಯಿನ್ ಅನ್ನುವ ದ್ರಾವಕದಲ್ಲಿ ಕುದಿಸುತ್ತಾರೆ. ಆವಿ ತಣಿದು ಗೆರೆ ಹಾಕಿದ ಗಾಜಿನ ಕೊಳವೆಗೆ ಇಳಿಯುತ್ತದೆ. ಎಣ್ಣೆ ಟಾಲೂಯಿನ್ನಿನಲ್ಲಿ ಕರಗಿ ಮೇಲೆ ಉಳಿಯುತ್ತದೆ, ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ, ಅಲ್ಲೇ ಓದಿಕೊಳ್ಳುವುದು. ಈ ಉಪಕರಣವನ್ನು 1920ರಲ್ಲಿ ಡೀನ್ ಮತ್ತು ಸ್ಟಾರ್ಕ್ ಅನ್ನುವ ಇಬ್ಬರು ಮಾಡಿದ್ದು ಪೆಟ್ರೋಲಿಯಂ ಎಣ್ಣೆಯಲ್ಲಿ ನೀರೆಷ್ಟಿದೆ ಅಂತ ನೋಡುವುದಕ್ಕೆ. ಈಗಲೂ ಎಣ್ಣೆ ಕಂಪನಿಗಳ ಲ್ಯಾಬಿನಲ್ಲೂ ಮಸಾಲೆ ಲ್ಯಾಬಿನಲ್ಲೂ ಅದೇ ಗಾಜು ನಿಂತಿರುತ್ತದೆ. ಮೆಣಸಿನ ರಿಪೋರ್ಟಿನಲ್ಲಿ ತೇವಾಂಶದ ಎದುರು ಒಲೆಯ ವಿಧಾನ ಬರೆದಿದ್ದರೆ ಯಾಕೆ ಅಂತ ಕೇಳು.

ಈಗ ಮುಖ್ಯ ವಿಷಯ. ಪಟ್ಟಿಯಲ್ಲಿ ‘ಓಕ್ರಾಟಾಕ್ಸಿನ್ ಎ’ ಅಂತ ಇದೆಯಲ್ಲ, ಅದು ಕೆಲವು ಜಾತಿಯ ಬೂಷ್ಟು ಉಗುಳುವ ವಿಷ. ಮೂತ್ರಪಿಂಡಕ್ಕೆ ಕೆಟ್ಟದ್ದು. ಬೂಷ್ಟು ಸತ್ತರೂ ವಿಷ ಉಳಿಯುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಯುರೋಪಿನಲ್ಲಿ ಹುರಿದ ಕಾಫಿಗೆ ಮಿತಿ ಕಿಲೋಗೆ 5 ಮೈಕ್ರೋಗ್ರಾಂ ಇತ್ತು, 2023ರಿಂದ 3ಕ್ಕೆ ಇಳಿಸಿದ್ದಾರೆ. ಅಂದರೆ ಒಂದು ಟನ್ ಕಾಫಿಯಲ್ಲಿ 3 ಮಿಲಿಗ್ರಾಂ. ಹಸಿ ಬೀಜಕ್ಕೆ ಇಡೀ ಯುರೋಪಿಗೆ ಅನ್ವಯಿಸುವ ಕಾನೂನಿನ ಮಿತಿ ಇಲ್ಲ, ಆದರೆ ಹುರಿಯುವವರು ತಮ್ಮ ತಲೆ ಉಳಿಸಿಕೊಳ್ಳಲು ಒಪ್ಪಂದದಲ್ಲೇ ಒಂದು ಅಂಕಿ ಬರೆದಿರುತ್ತಾರೆ. ನಿಮ್ಮ ಒಪ್ಪಂದದಲ್ಲಿ ಎಷ್ಟಿದೆ ಅಂತ ಸಹಿ ಹಾಕುವ ಮುಂಚೆ ಓದು. ಕಾಳುಮೆಣಸಿಗೆ ಇದೇ ವಿಷದ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಜೊತೆಗೆ ಬೂಷ್ಟಿನದೇ ಇನ್ನೊಂದು ವಿಷವಾದ ಅಫ್ಲಾಟಾಕ್ಸಿನ್ ಬಿ1ಕ್ಕೆ 5, ಒಟ್ಟು ಅಫ್ಲಾಟಾಕ್ಸಿನ್‌ಗಳಿಗೆ 10.

ಇಷ್ಟು ಸಣ್ಣ ಪ್ರಮಾಣವನ್ನು ಹಿಡಿಯುವುದು ಹೇಗೆ ಅಂದರೆ, ಪುಡಿಯನ್ನು ದ್ರಾವಕದಲ್ಲಿ ಕಲಕಿ, ಸೋಸಿ, ಪ್ರತಿಕಾಯಗಳನ್ನು ಕೂರಿಸಿದ ಒಂದು ಪುಟ್ಟ ಕೊಳವೆಯ ಮೂಲಕ ಹಾಯಿಸುತ್ತಾರೆ. ಅವು ಈ ವಿಷವನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತವೆ. ಹಿಡಿದದ್ದನ್ನು ತೊಳೆದು ಇಳಿಸಿ, ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟರೆ, ಬೆಳಕು ಬಿದ್ದಾಗ ಅದು ಹೊಳೆಯುವ ಪ್ರಮಾಣದಿಂದ ಎಷ್ಟಿದೆ ಅಂತ ಗೊತ್ತಾಗುತ್ತದೆ. ಔಷಧ ಕಾರ್ಖಾನೆಗಳಲ್ಲಿ ಮಾತ್ರೆಯಲ್ಲಿ ಔಷಧ ಸರಿಯಾಗಿದೆಯೇ ಅಂತ ನೋಡುವುದೂ ಇದೇ ಎಚ್‌ಪಿಎಲ್‌ಸಿಯಲ್ಲಿ. ಪ್ರತಿಕಾಯದ ಕೆಲಸ ಆಸ್ಪತ್ರೆಯ ಲ್ಯಾಬುಗಳಲ್ಲೂ ದಿನನಿತ್ಯದ್ದು. ಡೆಂಗ್ಯೂ ನೋಡುವ ಎಲೈಸಾ ಇದರದೇ ಬಳಗ. ಎಲೈಸಾ ಕಿಟ್ಟಿನಲ್ಲಿ ಕಾಫಿಯನ್ನೂ ಅಗ್ಗವಾಗಿ ನೋಡಬಹುದು. ಮನೆಮನೆಯ ಲಾಟುಗಳನ್ನು ಮೊದಲು ಬೇರ್ಪಡಿಸಿಕೊಳ್ಳುವುದಕ್ಕೆ ಅದು ಸಾಕು. ಕಳಿಸುವ ಲಾಟಿನ ಅಂತಿಮ ರಿಪೋರ್ಟಿಗೆ ಸಾಲದು.

ಈ ಬೂಷ್ಟು ಬೆಳೆಯುವುದಕ್ಕೆ ಬೀಜದಲ್ಲಿ ಅದರ ಕೈಗೆ ಸಿಗುವಂಥ ನೀರು ಬೇಕು. ಅದನ್ನು ಅಳೆಯುವ ಅಂಕಿಗೆ ವಾಟರ್ ಆಕ್ಟಿವಿಟಿ ಅಂತಾರೆ. ಶುದ್ಧ ನೀರಿಗೆ 1. ಅದು 0.80ಕ್ಕಿಂತ ಕೆಳಗಿಳಿದರೆ ವಿಷ ಕಟ್ಟುವ ಬೂಷ್ಟಿನ ಆಟ ನಡೆಯುವುದಿಲ್ಲ. ಹಣ್ಣು ತೀರಾ ಹಸಿಯಿದ್ದಾಗ ಬೇರೆ ಸೂಕ್ಷ್ಮಜೀವಿಗಳು ಇದನ್ನು ತುಳಿದು ಹಾಕುತ್ತವೆ, ಪೂರ್ತಿ ಒಣಗಿದ ಮೇಲೆ ಯಾವುದೂ ಬೆಳೆಯುವುದಿಲ್ಲ. ಅಪಾಯ ಇರುವುದು ನಡುವಿನ ಅರೆಒಣ ಹಂತದಲ್ಲಿ. ಆ ಹಂತವನ್ನು ಐದು ದಿನದೊಳಗೆ ದಾಟಿಸಿದರೆ ವಿಷ ಕೂಡುವುದಿಲ್ಲ ಅಂತ ಅಂತರರಾಷ್ಟ್ರೀಯ ಆಹಾರ ಮಾನದಂಡ ಮಾಡುವ ಕೋಡೆಕ್ಸ್‌ನವರ ಕಾಫಿ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಕಣದಲ್ಲಿ 3ರಿಂದ 5 ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚು ಹರಡಬೇಡಿ. ಜಾಗ ಸಾಲದೆ ದಪ್ಪ ಹಾಕಿದರೆ ಮೇಲಿನದು ಗಲಗಲ ಅನ್ನುತ್ತದೆ, ತಳದಲ್ಲಿ ಬೆವರು. ಗಂಟೆಗೊಂದು ಸಲ ಕೈಯಾಡಿಸಿ ಗೆರೆ ಎಳೆಯಿರಿ. ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ತೆಗೆಯಿರಿ. ಅಕಾಲದ ಮಳೆ ಬಂದು ಅರೆ ಒಣಗಿದ ಚೆರ್ರಿ ನೆನೆದರೆ ಆ ರಾಶಿಯನ್ನು ಬೇರೆಯೇ ಇಡಿ, ಒಳ್ಳೆಯದರ ಜೊತೆ ಖಂಡಿತ ಬೆರೆಸಬೇಡಿ. ನೆಲಕ್ಕೆ ಬಿದ್ದು ಆರಿಸಿದ ಹಣ್ಣೂ ಹಾಗೆಯೇ. ಚೀಲ ತುಂಬುವಾಗ ತೇವ 12.5 ದಾಟಲೇಬಾರದು, ಚೆರ್ರಿಯನ್ನು 11ಕ್ಕೆ ತಂದರೆ ನೆಮ್ಮದಿ. ವಿಷ ಹೆಚ್ಚಾಗಿ ಕೂರುವುದು ಸಿಪ್ಪೆಯಲ್ಲಿ ಮತ್ತು ಕಪ್ಪು, ಹುಳಿ ಬೀಜಗಳಲ್ಲಿ. ಹಲ್ಲಿಂಗ್ (ಸಿಪ್ಪೆ ಬಿಡಿಸುವುದು) ಆದ ಮೇಲೆ ಅವನ್ನು ಆರಿಸಿ ತೆಗೆಸುವ ಕೂಲಿ ದಂಡವಲ್ಲ.

ಇನ್ನು ಕೀಟಕ್ಕೆ, ಕಳೆಗೆ ಹೊಡೆದ ಔಷಧದ ಉಳಿದ ಅಂಶ. 2003ರಲ್ಲಿ ಪ್ರಕಟವಾದ ‘ಕ್ವೆಚರ್ಸ್’ ಅನ್ನುವ ವಿಧಾನವನ್ನೇ ಈಗ ಎಲ್ಲ ಕಡೆ ಬಳಸುವುದು. ತರಕಾರಿಯಾದರೆ 10 ಗ್ರಾಂ ಅರೆದದ್ದಕ್ಕೆ 10 ಮಿಲಿಲೀಟರ್ ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಹಾಕಿ ಜೋರಾಗಿ ಕುಲುಕಿದರೆ ನೀರು ಬೇರೆ, ದ್ರಾವಕ ಬೇರೆಯಾಗಿ ಔಷಧದ ಅಂಶವೆಲ್ಲ ದ್ರಾವಕಕ್ಕೆ ಬರುತ್ತದೆ. ಕಾಫಿ, ಮೆಣಸಿನಂಥ ಒಣ ಪದಾರ್ಥಕ್ಕೆ ಕಡಿಮೆ ಪುಡಿ ತೆಗೆದುಕೊಂಡು ಮೊದಲು ನೀರು ಹಾಕಿ ನೆನೆಸಬೇಕು, ಇಲ್ಲದಿದ್ದರೆ ಒಳಗಿನದು ಹೊರಬರುವುದಿಲ್ಲ. ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೂರಾರು ಔಷಧಗಳನ್ನು ಒಂದೇ ಸಲ ಹುಡುಕುತ್ತಾರೆ.

ಇಲ್ಲಿ ಎರಡು ಮಾತು ನೆನಪಿಡು. ಒಂದು, ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ. ನಮ್ಮ ಕಡೆ ಕಾಯಿಕೊರಕಕ್ಕೂ ಹಿಟ್ಟುತಿಗಣೆಗೂ ಹೊಡೆಯುವ ರೂಢಿ ಇದೆ. ಯುರೋಪಿನಲ್ಲಿ 2020ರಲ್ಲಿ ಇದರ ಅನುಮತಿ ಮುಗಿಯಿತು. ಅನುಮತಿ ಇಲ್ಲದ ಔಷಧಕ್ಕೆ ಇಲ್ಲಿ ಸಾಮಾನ್ಯವಾಗಿ ಹಿಡಿಯುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಔಷಧ ಇಟ್ಟ ಕೋಣೆಯಲ್ಲಿ ಖಾಲಿ ಚೀಲ ಇಟ್ಟಿದ್ದರೂ ಇಷ್ಟು ಬಂದುಬಿಡಬಹುದು. ಎರಡು, ಕಳೆಗೆ ಹೊಡೆಯುವ ಗ್ಲೈಫೋಸೇಟ್. ಅದು ನೀರಿನಲ್ಲೇ ಉಳಿಯುವ ಸ್ವಭಾವದ್ದಾದ್ದರಿಂದ ಕ್ವೆಚರ್ಸ್ ವಿಧಾನಕ್ಕೆ ಸಿಗುವುದೇ ಇಲ್ಲ. ನೂರಾರು ಔಷಧಗಳ ದೊಡ್ಡ ರಿಪೋರ್ಟ್ ಶುದ್ಧವಾಗಿ ಬಂದಿದ್ದರೂ ಅದರಲ್ಲಿ ಗ್ಲೈಫೋಸೇಟ್ ನೋಡಿರುವುದಿಲ್ಲ. ಬೇರೆಯಾಗಿ ಕೇಳಿ, ಬೇರೆಯಾಗಿ ದುಡ್ಡು ಕಟ್ಟಬೇಕು. ಕಾಫಿಗೆ ಇಲ್ಲಿನ ಮಿತಿ 0.1 ಮಿಲಿಗ್ರಾಂ.

ಮೆಣಸಿಗೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾದ ಪರೀಕ್ಷೆಯೂ ಇದೆ. 25 ಗ್ರಾಂ ಮೆಣಸಿನಲ್ಲಿ ಒಂದೂ ಇರಬಾರದು. 225 ಮಿಲಿಲೀಟರ್ ಪೋಷಕ ದ್ರವದಲ್ಲಿ ಒಂದು ರಾತ್ರಿ ಬೆಚ್ಚಗಿಟ್ಟು, ಮಾರನೇ ದಿನ ಸಾಲ್ಮೊನೆಲ್ಲಾ ಮಾತ್ರ ಚೆನ್ನಾಗಿ ಬೆಳೆಯುವ ಎರಡು ದ್ರವಗಳಿಗೆ ಹಾಕಿ, ಅದರ ಮಾರನೇ ದಿನ ತಟ್ಟೆಗೆ ಎಳೆದು ನೋಡುತ್ತಾರೆ. ಅನುಮಾನ ಬಂದರೆ ಖಚಿತ ಮಾಡಿಕೊಳ್ಳಲು ಇನ್ನೂ ಎರಡು ದಿನ. ‘ನಾಳೆ ಕೊಡಿ’ ಅಂದರೆ ಆಗದ ಕೆಲಸ, ಹಡಗಿನ ದಿನ ಗೊತ್ತುಮಾಡುವಾಗ ಲೆಕ್ಕಕ್ಕಿಟ್ಟುಕೊ. ಮೊಟ್ಟೆ, ಹಾಲಿನ ಪುಡಿ, ಕೋಳಿ ಆಹಾರದ ಕಾರ್ಖಾನೆಯವರೂ ಇದನ್ನೇ ಮಾಡಿಸುವುದು. ಕೊಯ್ದ ಮೆಣಸನ್ನು ಕಾಳು ಬಿಡಿಸಿ, ತೂತಿನ ಬುಟ್ಟಿಯಲ್ಲಿ ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ ತೆಗೆದರೆ ಸೂಕ್ಷ್ಮಜೀವಿಗಳ ಹೊರೆ ಇಳಿಯುತ್ತದೆ, ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗುತ್ತದೆ. ಆಮೇಲೆ ಕೋಳಿ, ನಾಯಿ, ಪಾರಿವಾಳ ಸುಳಿಯದ ಹಾಗೆ ಬಲೆ ಕಟ್ಟಿದ ಕಣ ಬೇಕು. ಡಾಂಬರು ರಸ್ತೆ ಮೇಲೆ ಒಣಗಿಸುವುದು ಬೇಡವೇ ಬೇಡ; ಡಾಂಬರಿನ ಮತ್ತು ಹೊಗೆಯ ಅಂಶಗಳಿಗೆ ಬೇರೆಯೇ ಪರೀಕ್ಷೆ ಇದೆ, ಅವುಗಳಲ್ಲೊಂದಾದ ಬೆಂಜೋಪೈರಿನ್‌ಗೆ ಒಣ ಮಸಾಲೆಯಲ್ಲಿ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಯಾರಾದರೂ ‘ಗ್ಯಾಸ್ ಹಾಕಿ ಶುದ್ಧ ಮಾಡಿಕೊಡುತ್ತೇವೆ’ ಅಂದರೆ ಎಥಿಲೀನ್ ಆಕ್ಸೈಡ್ ಇರಬಹುದು. ಯುರೋಪಿಗೆ ಅದು ಆಗದು. 2020ರಲ್ಲಿ ಭಾರತದ ಎಳ್ಳಿನಲ್ಲಿ ಸಿಕ್ಕಿ ಇಲ್ಲಿ ದೊಡ್ಡ ಗದ್ದಲವೇ ಆಯಿತು. ಬೇಕಿದ್ದರೆ ಹಬೆಯಲ್ಲಿ ಮಾಡಿಸಿ.

ಸೀಸ, ಕ್ಯಾಡ್ಮಿಯಂ ನೋಡುವುದು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಲೋಹಗಳನ್ನು ಅಳೆಯುವ ಐಸಿಪಿ ಯಂತ್ರದಲ್ಲಿ. ಕುಡಿಯುವ ನೀರಿನವರು, ಆಟಿಕೆ ಬಣ್ಣದವರು ಬಳಸುವುದೂ ಅದನ್ನೇ. ಮಣ್ಣು ಮೆತ್ತದ ಮೆಣಸಿಗೆ ಇದರಲ್ಲಿ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ.

ಚೀಲದ ಮಾತು ಮರೆಯಬೇಡ. ಸಾಧಾರಣ ಗೋಣಿ ಚೀಲದ ನಾರನ್ನು ಮೆದು ಮಾಡಲು ಖನಿಜ ಎಣ್ಣೆ ಹಾಕಿರುತ್ತಾರೆ, ಅದು ಬೀಜಕ್ಕೆ ಇಳಿಯುತ್ತದೆ. ಸಸ್ಯದ ಎಣ್ಣೆಯಲ್ಲಿ ಮಾಡಿದ, ಐಜೆಒ (ಅಂತರರಾಷ್ಟ್ರೀಯ ಸೆಣಬು ಸಂಸ್ಥೆ) 98/01 ಮಾನದಂಡದ ಚೀಲವನ್ನೇ ಕೇಳಿ ತೆಗೆದುಕೊಳ್ಳಿ.

ಕೊನೆಗೆ ಸ್ಯಾಂಪಲ್ ತೆಗೆಯುವುದು. ವಿಷ ಎಲ್ಲ ಬೀಜದಲ್ಲೂ ಸಮನಾಗಿ ಇರುವುದಿಲ್ಲ. ಒಂದು ಮೂಲೆಯ ಒದ್ದೆ ಚೀಲದ ಕೆಲವೇ ಬೀಜದಲ್ಲಿ ತುಂಬಿಕೊಂಡಿರುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಬಾಗಿಲ ಬಳಿಯ ಚೀಲದಿಂದ ಒಂದು ಹಿಡಿ ತೆಗೆದು ಕಳಿಸಿದರೆ ನಿಮಗೆ ಶುದ್ಧ ರಿಪೋರ್ಟ್ ಬರುತ್ತದೆ, ಇಲ್ಲಿ ಬಂದರಿನಲ್ಲಿ ಬೇರೆ ಅಂಕಿ ಬರುತ್ತದೆ. ಕನಿಷ್ಠ ನೂರಕ್ಕೆ ಹತ್ತು ಚೀಲದಿಂದ, ಸಾಲಿನ ಮೇಲೆ, ನಡುವೆ, ತಳದಿಂದ, ತಲಾ 30 ಗ್ರಾಮಿನಷ್ಟು ತೆಗೆಯಿರಿ. ಓಕ್ರಾಟಾಕ್ಸಿನ್‌ಗಾದರೆ ಇನ್ನೂ ಹೆಚ್ಚು ಚೀಲ, ಹೆಚ್ಚು ತೂಕ. ಲ್ಯಾಬಿನವರು ಅಷ್ಟನ್ನೂ ಪುಡಿ ಮಾಡಿ ಬೆರೆಸಿದ ಮೇಲೆಯೇ ಭಾಗ ತೆಗೆಯುತ್ತಾರೆಯೇ ಅಂತ ಕೇಳು. ತಣಿದ ಬೀಜವನ್ನು ಗಾಳಿಯಾಡದ ಎರಡು ಕವರಿನಲ್ಲಿ ಹಾಕಿ, ಲಾಟ್ ನಂಬರು, ತಾರೀಖು, ತೆಗೆದವರ ಸಹಿ ಬರೆಯಿರಿ. ಸಾಲ್ಮೊನೆಲ್ಲಾ ಸ್ಯಾಂಪಲಿಗೆ ಶುದ್ಧ ಮಾಡಿದ ಚಮಚ, ಕವರು ಬೇರೆ ಬೇಕು, ಬರಿಗೈ ಹಾಕುವಂತಿಲ್ಲ.

ಲ್ಯಾಬಿಗೆ ಎನ್‌ಎಬಿಎಲ್ (ಭಾರತದಲ್ಲಿ ಲ್ಯಾಬುಗಳನ್ನು ಪರಿಶೀಲಿಸುವ ಮಂಡಳಿ) ಮಾನ್ಯತೆ ಇದೆ ಅಂದರೆ ಸಾಲದು. ಮಾನ್ಯತೆ ಒಂದೊಂದು ಪರೀಕ್ಷೆಗೆ, ಒಂದೊಂದು ಪದಾರ್ಥಕ್ಕೆ ಬೇರೆ ಬೇರೆ. ನೀರಿನಲ್ಲಿ ಸೀಸ ನೋಡಲು ಮಾನ್ಯತೆ ಇದ್ದವರಿಗೆ ಕಾಫಿಯಲ್ಲಿ ಓಕ್ರಾಟಾಕ್ಸಿನ್ ನೋಡಲು ಇರಬೇಕೆಂದಿಲ್ಲ. ರಿಪೋರ್ಟಿನಲ್ಲಿ ‘ಬಿಎಲ್‌ಕ್ಯೂ’ ಅಂತ ಬಂದರೆ ಅಳೆಯಬಹುದಾದ ಕನಿಷ್ಠಕ್ಕಿಂತ ಕೆಳಗೆ ಅಂತ ಅರ್ಥ. ಆ ಕನಿಷ್ಠ ಎಷ್ಟು ಅಂತ ನೋಡು, ಅದು 0.05 ಇದ್ದು ಮಿತಿ 0.01 ಇದ್ದರೆ ಆ ಸಾಲು ನಿನಗೆ ಏನನ್ನೂ ಹೇಳುತ್ತಿಲ್ಲ.

ಪ್ರತಿ ಲಾಟಿನ ಸ್ಯಾಂಪಲನ್ನು ಮೂರು ಭಾಗ ಮಾಡಿ ಸೀಲ್ ಹಾಕಿಸು: ಲ್ಯಾಬಿಗೆ ಒಂದು, ಕೊಳ್ಳುವವರಿಗೆ ಒಂದು, ಮೂರನೆಯದು ನಿಮ್ಮ ಗೋದಾಮಿನ ಒಣ ಕಪಾಟಿನಲ್ಲಿ. ಹಣ ಪೂರ್ತಿ ಕೈಸೇರುವ ತನಕ ಅದನ್ನು ತೆಗೆಯಬೇಡಿ. ಒಪ್ಪಂದದ ಪ್ರತಿ ಕಳಿಸು, ಮಿತಿಗಳ ಸಾಲನ್ನು ಗುರುತು ಹಾಕಿ ಕೊಡುತ್ತೇನೆ.

ಅಪ್ಪ, ಅಮ್ಮ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಪ್ರೀತಿ.

ನಿನ್ನ ತಮ್ಮ